ಮೊಲಗಳ ಡ್ಯೂಟಿ

ನಾಲ್ಕನೇ ಕ್ಲಾಸಿನ ಮಗುವಿನ ಬಾಯಿಂದ ಶಾಲೆಯ ಸುದ್ದಿ ಹೊರಡಿಸುವುದಕ್ಕಿಂತ ಸರ್ಕಾರಿ ಕಚೇರಿಯಿಂದ ಕಡತ ಹೊರಡಿಸುವುದು ಸುಲಭ. ಇದನ್ನು ನಾನು ಸುಮ್ಮನೆ ಬಾಯಿಗೆ ಬಂದಂತೆ ಹೇಳುತ್ತಿಲ್ಲ. ಕಡತಗಳನ್ನು ಭದ್ರವಾಗಿ ಹಿಡಿದಿಟ್ಟುಕೊಳ್ಳುವ ಕಚೇರಿಯೊಂದರಲ್ಲಿ ನಾನು ಸೂಪರಿಂಟೆಂಡೆಂಟ್. ನಾಲ್ಕನೇ ಕ್ಲಾಸಿನ ಮಗುವೊಂದು ನನ್ನ ಮನೆಯಲ್ಲೇ ಇದೆ. ನಮ್ಮ ಕಚೇರಿಯಲ್ಲಿ ಯಾರಾದರೂ ಬಂದು ಕಡತ ಎಲ್ಲಿದೆ ಎಂದು ಕೇಳಿದರೆ ನಾವು ಕಡೇಪಕ್ಷ ‘ಪರಿಶೀಲನೆಯಲ್ಲಿದೆ’ ಎಂದಾದರೂ ಹೇಳುತ್ತೇವೆ. ನನ್ನ ಮಗಳು ಇಂಚರ ಅಷ್ಟೂ ದಯೆ ತೋರಿಸುವುದಿಲ್ಲ. “ಇವತ್ತು ಸ್ಕೂಲಲ್ಲಿ ಏನು ಮಾಡಿದ್ರಿ ಪುಟ್ಟಾ?” ಎಂದರೆ “ಓದಿದ್ವಿ” ಎನ್ನುತ್ತಾಳೆ. “ಊಟಕ್ಕೆ ಯಾರ ಜೊತೆ ಕೂತಿದ್ದೆ?” ಎಂದರೆ “ಪಕ್ಕದಲ್ಲಿ ಕೂತಿದ್ದೋರ ಜೊತೆ” ಎನ್ನುತ್ತಾಳೆ. ಉತ್ತರದಲ್ಲಿ ಸುಳ್ಳಿಲ್ಲ, ಸುದ್ದಿಯೂ ಇಲ್ಲ. ಇವಳು ಮುಂದೆ ನನ್ನ ಇಲಾಖೆಗೇ ಬಂದರೆ ಬಹಳ ಮೇಲಕ್ಕೆ ಹೋಗುತ್ತಾಳೆ.

ಬೇರೆಯವರು ಇಷ್ಟಕ್ಕೆ ಸುಮ್ಮನಾಗುತ್ತಾರೇನೋ. ನನ್ನ ಕುತೂಹಲದ ಕಾಯಿಲೆ ಹಾಗೆ ಬಿಡುವುದಿಲ್ಲ. ಅದಕ್ಕೆ ಕಾರಣವೂ ಇತ್ತು. ಪೋಷಕರ ಸಭೆಗೆ ಹೋದಾಗಲೆಲ್ಲ ಅವಳ ಟೀಚರು “ತುಂಬ ಸೈಲೆಂಟು ಸಾರ್, ಏನೂ ತೊಂದ್ರೆ ಇಲ್ಲ” ಎನ್ನುತ್ತಿದ್ದರು. ಅವರಿಗೆ ತೊಂದರೆ ಇಲ್ಲ ಸರಿ, ಅವಳಿಗೆ? ಅಷ್ಟು ಮಕ್ಕಳ ನಡುವೆ ನನ್ನ ಮಗಳಿಗೆ ಒಬ್ಬ ಗೆಳತಿಯಾದರೂ ಇದ್ದಾಳೋ ಇಲ್ಲವೋ, ಊಟದ ಹೊತ್ತಿನಲ್ಲಿ ಒಬ್ಬಳೇ ಗೋಡೆ ನೋಡಿಕೊಂಡು ಕೂರುತ್ತಾಳೋ ಏನೋ ಎಂಬ ಯೋಚನೆ ಬಂದು ಕಚೇರಿಯಲ್ಲಿ ಎಷ್ಟೋ ಸಲ ನನ್ನ ಪೆನ್ನು ನಿಂತುಬಿಡುತ್ತಿತ್ತು. ಪೆನ್ನು ನಿಂತದ್ದನ್ನು ಅಲ್ಲಿ ಯಾರೂ ಗಮನಿಸಲಿಲ್ಲ ಎಂಬುದು ಬೇರೆ ವಿಷಯ. ನನ್ನ ಹೆಂಡತಿ ಗಿರಿಜಾಳಿಗೆ ಈ ಚಿಂತೆಯಿಲ್ಲ. ಅವಳು ಊಟದ ಡಬ್ಬಿಯನ್ನೇ ಓದುತ್ತಾಳೆ. ಅರ್ಧ ಚಪಾತಿ ಉಳಿದಿದ್ದರೆ ಮನಸ್ತಾಪ, ಖಾಲಿಯಾಗಿದ್ದರೆ ನೆಮ್ಮದಿ, ಮುಚ್ಚಳ ಬೇರೆಯವರ ಡಬ್ಬಿಯದಾಗಿದ್ದರೆ ಸ್ನೇಹ. ಮುಚ್ಚಳ ಬದಲಾದದ್ದು ಇಡೀ ವರ್ಷದಲ್ಲಿ ಒಂದೇ ಸಲ. ಆ ಒಂದು ಮುಚ್ಚಳದ ಮೇಲೆ ಅವಳು ವರ್ಷವಿಡೀ ನಿಶ್ಚಿಂತೆಯಿಂದ ಇದ್ದಾಳೆ. ನನಗೆ ಅಷ್ಟು ಸಾಕ್ಷಿ ಸಾಲದು.

ನಮ್ಮಪ್ಪ ನನ್ನ ಶಾಲೆಗೆ ಬಂದದ್ದು ಎರಡೇ ಸಲ. ದಾವಣಗೆರೆಯಲ್ಲಿ ಸೇರಿಸುವಾಗ ಒಮ್ಮೆ, ಟೀಸಿ ತರುವಾಗ ಇನ್ನೊಮ್ಮೆ. ನಡುವಿನ ಹತ್ತು ವರ್ಷ ನಾನು ಯಾವ ಬೆಂಚಿನಲ್ಲಿ ಕೂತೆ, ಯಾರ ಜೊತೆ ಹೊಡೆದಾಡಿದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಹಾಗೆ ಬೆಳೆದವನಿಗೆ ಈ ಕೆಟ್ಟ ಕುತೂಹಲ ಎಲ್ಲಿಂದ ಅಂಟಿತು ಎಂಬುದೇ ನನಗೆ ಈಗಲೂ ಕುತೂಹಲ. ಹೀಗಿರುವಾಗ ಒಂದು ದಿನ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ವಾರ್ಷಿಕೋತ್ಸವಕ್ಕೆ ಸ್ವಯಂಸೇವಕರಾಗಿ ಬರುವ ಪೋಷಕರು ಹೆಸರು ಕೊಡಬೇಕೆಂದು ಸಂದೇಶ ಬಂತು. ದಿನವೂ ಸುಪ್ರಭಾತದ ಹೂವುಗಳಿಂದ ತುಂಬಿ ತುಳುಕುವ ಆ ಗುಂಪು ಆಗ ಇದ್ದಕ್ಕಿದ್ದಂತೆ ಉಸಿರು ಬಿಗಿಹಿಡಿಯಿತು. ನಾನು ಮಾತ್ರ ಒಂದೇ ನಿಮಿಷದಲ್ಲಿ ಹೆಸರು ಹಾಕಿದೆ. ಅಡುಗೆಮನೆಯಿಂದ ಫೋನು ಹಿಡಿದುಕೊಂಡೇ ಗಿರಿಜಾ ಬಂದಳು. “ಏನ್ರೀ ಇದು? ಸಿಲಿಂಡರ್ ಬದಲಾಯ್ಸಿ ಅಂತ ಬೆಳಗ್ಗೆಯಿಂದ ಮೂರು ಸಲ ಕರೆದ್ರೂ ಏಳಲ್ಲ, ಊರ ಸೇವೆಗೆ ಇಷ್ಟು ಬೇಗ ಎದ್ದುಬಿಟ್ರಾ?” ಎಂದಳು. ಶಾಲೆಯೊಂದಿಗೆ ಕೈಜೋಡಿಸುವುದು ಪೋಷಕರ ಕರ್ತವ್ಯ ಎಂದು ನಾನು ಗಂಭೀರವಾಗಿ ಹೇಳಿದೆ. ಅವಳು ನನ್ನ ಮುಖವನ್ನೂ ಒಂದು ಡಬ್ಬಿಯಂತೆ ಓದಿ ಒಳಗೆ ಹೋದಳು.

ಸ್ವಯಂಸೇವಕರ ಸಭೆ ನಡೆದದ್ದು ಯುಕೆಜಿ ಕೋಣೆಯಲ್ಲಿ. ವಿಜಯನಗರದ ಆ ಶಾಲೆಯ ಯುಕೆಜಿ ಬೆಂಚುಗಳು ನೆಲದಿಂದ ಒಂದು ಗೇಣು ಎತ್ತರ. ಮಂಡಿಗಳನ್ನು ಗಲ್ಲಕ್ಕೆ ಆನಿಸಿಕೊಂಡು ನಾವು ಹದಿನೈದು ಜನ ದೊಡ್ಡವರು ಕೂತಿದ್ದೆವು. ಎಲ್ಲವನ್ನೂ ನಡೆಸುವ ವನಜಾ ಮಿಸ್ಸು ಎದುರು ನಿಂತಿದ್ದರು. ಕಚೇರಿಯಲ್ಲಿ ನನ್ನ ಎದುರು ಜನ ನಿಲ್ಲುತ್ತಾರೆ, ಇಲ್ಲಿ ನಾನು ಕೈ ಎತ್ತಿ ಮಾತಾಡಬೇಕಾಯಿತು. “ಒಂದೇ ಒಂದು ರೂಲು” ಎಂದರು ಮಿಸ್ಸು. “ಯಾರಿಗೂ ಅವರವರ ಮಕ್ಕಳ ಕ್ಲಾಸಿಗೆ ಡ್ಯೂಟಿ ಕೊಡಲ್ಲ. ಹೋದ ವರ್ಷ ಒಬ್ರು ಅಮ್ಮ ಮಗಳ ಜಡೆಗೆ ಹೂವು ಮುಡಿಸ್ತಾನೇ ನಿಂತುಬಿಟ್ರು. ಮಿಕ್ಕ ಹನ್ನೊಂದು ನವಿಲು ಗರಿ ಇಲ್ದೇ ಸ್ಟೇಜಿಗೆ ಹೋದ್ವು.” ನಾನು ಸುತ್ತ ನೋಡಿದೆ. ಮಿಕ್ಕ ಹದಿನಾಲ್ಕು ಮುಖಗಳೂ ಒಟ್ಟಿಗೆ ಬಾಡಿದ್ದವು. ನಾನೊಬ್ಬನೇ ಕಳ್ಳ ಅಂದುಕೊಂಡಿದ್ದೆ. ಶಾಲೆಗೆ ಕೈಜೋಡಿಸಲು ಬಂದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ, ಎಲ್ಲರೂ ಇಣುಕಲು ಬಂದವರೇ. ನನಗೆ ಬಂದದ್ದು ಯುಕೆಜಿಯ ಮೊಲಗಳ ನೃತ್ಯ.

ಸಭೆ ಮುಗಿದು ಗೇಟಿನ ಹತ್ತಿರ ಬಂದಾಗ ಒಬ್ಬ ಹೆಂಗಸು ಹಿಂದಿನಿಂದ ಕರೆದರು. “ಇಂಚರ ಅಪ್ಪ ಅಲ್ವಾ ನೀವು?” ಶಾಲೆಯ ಆವರಣದಲ್ಲಿ ನಮಗೆ ಸ್ವಂತ ಹೆಸರಿರುವುದಿಲ್ಲ, ಮಕ್ಕಳ ಹೆಸರಿಗೆ ಬಾಲವಾಗಿ ಓಡಾಡುತ್ತೇವೆ. ಅವರು ಪ್ರೀತಮ್ ಅಮ್ಮ. ಹೆಸರು ಶೋಭಾ, ಮನೆ ಲಗ್ಗೆರೆ, ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. “ನೋಡಿ ಅಣ್ಣ, ನಿಮಗೆ ಯುಕೆಜಿ ಬಂದಿದೆ, ನಮ್ಮ ಪ್ರೀತಮ್ ಅದರಲ್ಲೇ ಒಂದು ಮೊಲ. ನನಗೆ ಫೋರ್ತ್ ಸ್ಟ್ಯಾಂಡರ್ಡ್ ಬಂದಿದೆ, ನಿಮ್ಮ ಮಗಳು ಅಲ್ಲೇ ಇದಾಳೆ. ನಾನು ನಿಮ್ಮವಳನ್ನ ನೋಡಿ ಎಲ್ಲ ಹೇಳ್ತೀನಿ, ನೀವು ನಮ್ಮವನ್ನ ನೋಡಿ ಹೇಳಿ. ಏನಂತೀರಾ?” ಫ್ಯಾಕ್ಟರಿಯಲ್ಲಿ ಇವರ ಕೈಕೆಳಗಿನವರು ಹೇಗೆ ಕೆಲಸ ಮಾಡುತ್ತಾರೆಂದು ನನಗೆ ಆಗಲೇ ಗೊತ್ತಾಯಿತು. ಮರುಮಾತಿಲ್ಲದೆ ಒಪ್ಪಿದೆ. ಅವನಿಗೆ ಜನ ಕಂಡರೆ ಭಯ, ಅಳದೇ ಇದ್ದರೆ ಸಾಕು ಎಂದು ಹೇಳುವಾಗ ಅವರ ದನಿ ಸ್ವಲ್ಪ ಇಳಿಯಿತು. ನನ್ನವಳಿಗೆ ಯಾರಾದರೂ ಗೆಳತಿ ಇದ್ದಾಳಾ ಎಂದಷ್ಟೇ ನೋಡಿ ಎಂದು ನಾನೂ ಹೇಳಿದೆ.

ವಾರ್ಷಿಕೋತ್ಸವ ಒಂದು ಶನಿವಾರ ಮಧ್ಯಾಹ್ನ. ಮೈದಾನದಲ್ಲಿ ಶಾಮಿಯಾನ, ಸ್ಟೇಜು. ಸ್ಟೇಜಿನ ಹಿಂದೆ ನಾನು, ಎದೆಗೆ ಬ್ಯಾಡ್ಜು, ಕೈಯಲ್ಲಿ ಸೇಫ್ಟಿ ಪಿನ್ನುಗಳ ಡಬ್ಬ, ಸುತ್ತ ಹದಿನೆಂಟು ಮೊಲಗಳು. ನಾಲ್ಕನೇ ಕ್ಲಾಸಿನವರನ್ನು ಅವರ ಸರದಿ ಬರುವವರೆಗೆ ಮೊದಲ ಮಹಡಿಯ ಅವರ ಕ್ಲಾಸಿನಲ್ಲೇ ಕೂರಿಸಿದ್ದರು. ಅಲ್ಲಿಗೆ ಹೋಗುವ ಮೆಟ್ಟಿಲ ಬಳಿ ವನಜಾ ಮಿಸ್ಸು ಸ್ವತಃ ನಿಂತಿದ್ದರು. ಮೊಲಗಳ ವಿಷಯ ನಾನು ಹಗುರವಾಗಿ ಎಣಿಸಿದ್ದೆ. ರಟ್ಟಿನ ಮುಖವಾಡ ಕಟ್ಟುವುದು ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಆದರೆ ಒಂದಕ್ಕೆ ಕಟ್ಟಿ ತಿರುಗುವಷ್ಟರಲ್ಲಿ ಇನ್ನೊಂದಕ್ಕೆ ಬಾತ್‌ರೂಮು. ಅದನ್ನು ಕರೆದುಕೊಂಡು ಹೋಗಿ ಬಂದರೆ ಮಿಕ್ಕ ಹದಿನೇಳಕ್ಕೂ ಬಾತ್‌ರೂಮು. ನೃತ್ಯಕ್ಕೆಂದು ಕೊಟ್ಟಿದ್ದ ನಿಜವಾದ ಕ್ಯಾರೆಟ್ಟುಗಳಲ್ಲಿ ನಾಲ್ಕನ್ನು ಮೊಲಗಳು ಆಗಲೇ ತಿಂದಿದ್ದವು. “ಅಂಕಲ್, ನೀವು ಯಾರ ತಾತ?” ಎಂದು ಒಂದು ಮೊಲ ಕೇಳಿತು. ತಲೆಗೆ ಬಣ್ಣ ಹಾಕುವುದನ್ನು ಹೋದ ತಿಂಗಳಷ್ಟೇ ನಿಲ್ಲಿಸಿದ್ದೆ, ಆ ನಿರ್ಧಾರವನ್ನು ಅಲ್ಲೇ ಮರುಪರಿಶೀಲನೆಗೆ ಹಾಕಿಕೊಂಡೆ.

ಹಾಡು ಶುರುವಾಯಿತು. ಹದಿನೇಳು ಮೊಲಗಳು ಕುಪ್ಪಳಿಸುತ್ತಾ ಸ್ಟೇಜಿಗೆ ಹೋದವು. ಹದಿನೆಂಟನೆಯದು ನನ್ನ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿತು. ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. “ನಾನು ಹೋಗಲ್ಲ” ಎಂದ ಪ್ರೀತಮ್, ಮುಖವಾಡದೊಳಗಿಂದ. ಆಮೇಲೆ ಆ ಮುಖವಾಡವನ್ನೂ ಕಿತ್ತು ಕೆಳಗೆ ಹಾಕಿದ. ಕಣ್ಣಿಂದ ನೀರು ಸುರಿಯುತ್ತಿತ್ತು. ಚಾಕೊಲೇಟ್ ಕೊಡುತ್ತೇನೆಂದೆ, ಕ್ಯಾರೆಟ್ ಕೊಡುತ್ತೇನೆಂದೆ, ಆಗಲಿಲ್ಲ. ನನಗೆ ಅವನ ತಾಯಿಯ ದನಿ ಇಳಿದದ್ದು ನೆನಪಾಯಿತು. ಆಗ ಏನು ತೋಚಿತೋ ಏನೋ, ಆ ಮುಖವಾಡ ಎತ್ತಿ ನಾನೇ ಕಟ್ಟಿಕೊಂಡೆ, ಎರಡು ಕೈಯನ್ನೂ ಕಿವಿಯ ಹಾಗೆ ನೆಟ್ಟಗೆ ಹಿಡಿದು ಹಾಡಿಗೆ ಸರಿಯಾಗಿ ಕುಪ್ಪಳಿಸಿದೆ. ಒಮ್ಮೆ ಕುಪ್ಪಳಿಸಿದಾಗ ಅವನ ಅಳು ನಿಂತಿತು. ಐದನೆಯದಕ್ಕೆ ಅವನು ನಕ್ಕ. ಆಮೇಲೆ ನನ್ನ ಬೆರಳು ಹಿಡಿದು ತಾನೂ ಶುರು ಮಾಡಿದ. ಹಾಡು ಮುಗಿಯುವವರೆಗೆ ನಾವಿಬ್ಬರೂ ಸ್ಟೇಜಿನ ಹಿಂದೆ, ಒಂದು ಹೆಜ್ಜೆಯೂ ತಪ್ಪದೆ, ನಮ್ಮದೇ ವಾರ್ಷಿಕೋತ್ಸವ ನಡೆಸಿದೆವು. ಪರದೆಯ ಈಚೆ ಯಾರೂ ಇಲ್ಲವಲ್ಲ ಎಂಬ ಧೈರ್ಯ ನನ್ನದು.

ಕಾರ್ಯಕ್ರಮ ಮುಗಿದ ಮೇಲೆ ಶೋಭಾ ನೀರಿನ ನಲ್ಲಿಗಳ ಹತ್ತಿರ ಸಿಕ್ಕರು. “ಹೇಳಿ ಅಣ್ಣ, ಹೇಗೆ ಮಾಡ್ದ? ಅಳಲಿಲ್ವಾ?” ಎಂದರು. ಹದಿನೇಳು ಮೊಲ ಕುಣಿದರೂ ಹದಿನೆಂಟು ಕುಣಿದರೂ ಮುಖವಾಡ ಹಾಕಿದ ಮೇಲೆ ಯಾರಿಗೆ ಗೊತ್ತಾಗುತ್ತದೆ? “ಅಳೋದಾ? ಏನ್ ಹೇಳ್ತೀರಮ್ಮಾ, ಹುಲಿ ಥರ ಕುಣಿದ” ಎಂದೆ. ಮೊಲದ ಪಾತ್ರಕ್ಕೆ ಹುಲಿ ಜಾಸ್ತಿಯಾಯಿತೆಂದು ಹೇಳಿದ ಮೇಲೆ ಹೊಳೆಯಿತು. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ ನಕ್ಕರು. “ತುಂಬ ಥ್ಯಾಂಕ್ಸ್ ಅಣ್ಣ” ಎಂದರು. ಆಮೇಲೆ ತಮ್ಮ ಸುದ್ದಿ ಒಪ್ಪಿಸಿದರು. “ನಿಮ್ಮ ಮಗಳು ಬಂಗಾರ ಕಣಣ್ಣ. ಒಂದು ಹುಡುಗಿ ಭಯ ಬಿದ್ದು ನಡುಗ್ತಾ ಇತ್ತು. ಇವಳು ಪಕ್ಕದಲ್ಲಿ ಕೂತ್ಕೊಂಡು, ‘ಹೆದರ್ಕೋಬೇಡ ಕಣೇ, ನಮ್ಮಪ್ಪ ಕೆಳಗಡೇನೇ ಇದಾರೆ, ಏನಾದ್ರೂ ಆದ್ರೆ ಬರ್ತಾರೆ’ ಅಂದ್ಲು.” ನಾನು ಗೆಳತಿಯ ವಿಷಯ ಕೇಳುವುದನ್ನೇ ಮರೆತು, ನಲ್ಲಿ ತಿರುಗಿಸಿ ಸುಮ್ಮನೆ ಮುಖ ತೊಳೆದುಕೊಂಡೆ.

ಗಿರಿಜಾ ಕಾರ್ಯಕ್ರಮ ನೋಡಲು ಬಂದಿದ್ದ ತವರಿನವರ ಜೊತೆ ಆಟೋದಲ್ಲಿ ಮುಂದೆ ಹೋದಳು. ನಾನು ಇಂಚರಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಸವೇಶ್ವರನಗರದ ಕಡೆ ಹೊರಟೆ. ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ, ಕೇಳಿದರೂ ಬಾಯಿಬಿಡದ ನನ್ನ ಮಗಳು ತಾನಾಗಿಯೇ ಮಾತು ತೆಗೆದಳು.

“ಅಪ್ಪಾ, ನಮ್ಮ ಕ್ಲಾಸ್ ಕಿಟಕಿಯಿಂದ ಸ್ಟೇಜಿನ ಹಿಂದುಗಡೆ ಪೂರ್ತಿ ಕಾಣ್ಸುತ್ತೆ.”

“ಹೌದಾ?” ಎಂದೆ.

“ಪ್ರೀತಮ್ ಅಮ್ಮ ಕಿಟಕಿ ಹತ್ರಾನೇ ನಿಂತಿದ್ರು. ಅವನು ಅಳೋದು ನೋಡಿ ಪಾಪ ಅವರೂ ಕಣ್ಣು ಒರೆಸ್ಕೊಂಡ್ರು. ಆಮೇಲೆ ನಗೋಕೆ ಶುರು ಮಾಡಿದ್ರು. ನಾವೆಲ್ಲ ಓಡ್ಹೋಗಿ ನೋಡಿದ್ವಿ. ಯಾರೋ ಅಂಕಲ್ ಮೊಲದ ಮುಖವಾಡ ಹಾಕ್ಕೊಂಡು ಕುಪ್ಪಳಿಸ್ತಾ ಇದ್ರು. ಮುಖ ಕಾಣ್ತಿರ್ಲಿಲ್ಲ, ಹೊಟ್ಟೆ ಕಾಣ್ತಿತ್ತು.”

ಹಾಗಾದರೆ ನಲ್ಲಿಯ ಹತ್ತಿರ ನಾನು ಹುಲಿಯ ಕಥೆ ಹೇಳುವಾಗ ಶೋಭಾ ಅವರಿಗೆ ಎಲ್ಲವೂ ಗೊತ್ತಿತ್ತು! ಗೊತ್ತಿದ್ದೂ ಥ್ಯಾಂಕ್ಸ್ ಹೇಳಿದರು. ಅವರು ನನಗೆ ಕೊಟ್ಟ ಸುದ್ದಿ ನಿಜವೋ, ಅಥವಾ ನನ್ನ ಹುಲಿಗೆ ಸರಿಸಮನಾಗಿ ಅವರೂ ಒಂದು ಬಂಗಾರ ಕೊಟ್ಟು ಕಳಿಸಿದರೋ? ಫೋನು ಮಾಡಿ ಕೇಳೋಣವೆಂದರೆ ಮೊದಲು ನನ್ನದೇ ವಿಚಾರಣೆಯಾಗಬೇಕಾಗುತ್ತದೆ. ಮಗಳನ್ನೇ ಸುತ್ತಿಬಳಸಿ ಕೇಳಿದೆ. “ಆ ಅಂಕಲ್ ಯಾರು ಅಂತ ನಿನ್ನನ್ನ ಯಾರೂ ಕೇಳಲಿಲ್ವಾ?”

“ಎಲ್ರೂ ಕೇಳಿದ್ರು” ಎಂದಳು. “ನನಗೆ ಗೊತ್ತಿಲ್ಲ ಅಂದೆ.”

ಬೇಜಾರಾಯಿತು. ನಗುವೂ ಬಂತು. ಸಿಗ್ನಲ್ ಬಿಟ್ಟರೂ ಅವಳು ಮಾತು ನಿಲ್ಲಿಸಲಿಲ್ಲ. ಮಾನ್ಯ ನಕ್ಕು ನಕ್ಕು ಬೆಂಚಿನಿಂದ ಬಿದ್ದಳಂತೆ. ಸಾನಿಯಾ ಆ ಅಂಕಲ್ ಹಾಗೆಯೇ ಕುಪ್ಪಳಿಸಿ ತೋರಿಸಿದಳಂತೆ. ದಿನವೂ ಇವಳ ಜೊತೆ ಊಟಕ್ಕೆ ಕೂರುವ ಹರ್ಷಿತಾಗೆ ಬಿಕ್ಕಳಿಕೆ ಹತ್ತಿ ನೀರು ಕುಡಿಸಬೇಕಾಯಿತಂತೆ. ಮನೆ ತಲುಪುವಷ್ಟರಲ್ಲಿ ನನ್ನ ಮಗಳ ಮೂವರು ಗೆಳತಿಯರ ಹೆಸರು ನನಗೆ ಬಾಯಿಪಾಠವಾಗಿತ್ತು. ಮೂವರೂ ನನ್ನನ್ನು ನೋಡಿ ನಕ್ಕವರು.