ಬ್ಯಾಟರಿಗೆ ಬೆಳಗಿದ ಆರತಿ

ಇದನ್ನು ಹೇಳಿಬಿಡಬೇಕೆಂದು ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಒಮ್ಮೆ ಭತ್ತದ ನಾಟಿ ಅಡ್ಡ ಬಂತು, ಒಮ್ಮೆ ಮೊಣಕಾಲು ನೋವು, ಒಮ್ಮೆ ಪೆನ್ನಿನ ರೀಫಿಲ್ ಮುಗಿದಿತ್ತು. ನಿಜವಾಗಿ ಅಡ್ಡ ಬಂದದ್ದು ನನ್ನ ಸಿಟ್ಟು. ತಪ್ಪು ಬೇರೆಯವರದಾದರೆ ನನ್ನ ಸಿಟ್ಟು ಅರ್ಧ ತಾಸಿನಲ್ಲಿ ಇಳಿಯುತ್ತದೆ. ತಪ್ಪು ನನ್ನದೇ ಎಂದು ಖಾತ್ರಿಯಾದರೆ ವರ್ಷಗಟ್ಟಲೆ ಇಳಿಯುವುದಿಲ್ಲ. ಈಗ ಬರೆಯುವಾಗಲೂ ಹಲ್ಲು ಕಡಿಯುತ್ತಿದ್ದೇನೆ, ಉಳಿದಿರುವಷ್ಟನ್ನು.

ನಮ್ಮದು ಹಾನಗಲ್ಲಿನ ಹತ್ತಿರದ ಹಳ್ಳಿ. ಮನೆಯಲ್ಲೊಂದು ಹಳೆಯ ಟ್ರ್ಯಾಕ್ಟರ್ ಇದೆ. ಅದರ ಬ್ಯಾಟರಿ ಸತ್ತಾಗಲೆಲ್ಲ ಬಂಕಾಪುರದ ಮಿಸ್ತ್ರಿಯ ಅಂಗಡಿಗೆ ಹೋಗುತ್ತಿದ್ದೆ. ನನಗಿಂತ ಹದಿನೈದು ವರ್ಷ ಚಿಕ್ಕವನು. ಅಂಗಿಯ ತುಂಬ ಆಸಿಡ್ಡಿನ ತೂತು, ಮಾತು ಮಾತ್ರ ಬಲು ಮೆತ್ತಗೆ. ಆ ವರ್ಷ ದಸರೆಗೆ ಮೊದಲು ಹೊಸ ಬ್ಯಾಟರಿ ಕೂರಿಸಿಕೊಟ್ಟು ಹೇಳಿದ: "ಕಾಕಾ, ಇದರಾಗ ಸುಡೋ ಗ್ಯಾಸ್ ಇರತೈತಿ. ಬೀಡಿ, ಬೆಂಕಿಕಡ್ಡಿ ಹತ್ರ ತರಬ್ಯಾಡ್ರಿ. ಚಷ್ಮಾ ಇಲ್ದ ಮುಚ್ಚಳ ತೆಗೀಬ್ಯಾಡ್ರಿ. ನೀರು ಕಡಿಮಿ ಆದ್ರ ಡಿಸ್ಟಿಲ್ಡ್ ವಾಟರ್ ಅಷ್ಟ ಹಾಕ್ರಿ, ಬೋರಿನ ನೀರು ಬ್ಯಾಡ. ವೈರ್ ಬಿಚ್ಚುವಾಗ ಮೊದ್ಲ ಮೈನಸ್ ಬಿಚ್ರಿ, ಹಚ್ಚುವಾಗ ಅದನ್ನ ಕಡೀಕ ಹಚ್ರಿ."

"ನಾ ಎಸ್ಸೆಸ್ಸೆಲ್ಸಿ ಪಾಸಾದಾವ ಇದ್ದೇನಿ. ನನಗ ಸಾಲಿ ಕಲಸ್ತೀ ಏನ?" ಎಂದೆ. ಅವನು ನಕ್ಕ.

ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ಟ್ರ್ಯಾಕ್ಟರನ್ನು ಕೆರೆಯಲ್ಲಿ ತೊಳೆದು ಓಡಿಸಿಕೊಂಡು ಬಂದೆ. ನೇಗಿಲಿಗೆ, ನಟ್ಟು ಬಿಚ್ಚುವ ಪಾನಾಗಳಿಗೆ, ಗಾಲಿಗಳಿಗೆ ಕುಂಕುಮ ಹಚ್ಚಿದ್ದಾಯಿತು. ಹೊಸ ಬ್ಯಾಟರಿಗೆ ಮರ್ಯಾದೆ ಕಡಿಮೆಯಾದರೆ ಹೇಗೆ? ಆರೂ ಮುಚ್ಚಳ ತೆಗೆದು ನೀರು ನೋಡಿದೆ. ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಅದನ್ನು ಬಿಗಿದಿದ್ದ ಪಟ್ಟಿಯ ಸಂದಿಯಲ್ಲಿ ಊದಿನಕಡ್ಡಿ ಸಿಕ್ಕಿಸಿ, ಕರ್ಪೂರದ ಆರತಿ ಎತ್ತಿಕೊಂಡೆ.

"ಬೆಂಕಿ ತರಬ್ಯಾಡ ಅಂದಿದ್ನಂತಲ್ರಿ ಮಿಸ್ತ್ರಿ?" ಎಂದಳು ಮನೆಯಾಕೆ.

"ಬೀಡಿ ಬ್ಯಾಡ ಅಂದಾನ. ಆರತಿ ಬ್ಯಾಡ ಅಂದಿಲ್ಲ!"

ಢಮ್ ಎಂದಿತು. ಆರತಿ ತಟ್ಟೆ ಹಿತ್ತಲಿಗೆ ಹೋಯಿತು, ನಾನು ಎಮ್ಮೆ ಮೇವು ತಿನ್ನುವ ಗ್ವಾದಲಿಗೆ ಹೋದೆ. ಮನೆಯಾಕೆ ಕೊಡದ ಮೇಲೆ ಕೊಡ ನೀರು ಮುಖಕ್ಕೆ ಸುರಿದಳು, ಸಾಕೆಂದರೂ ಬಿಡಲಿಲ್ಲ. ಓದುವ ಚಷ್ಮಾ ಇದ್ದುದರಿಂದ ಕಣ್ಣು ಉಳಿದವು. ಹೊಸ ಧೋತರ ಮಾತ್ರ ಮರುದಿನದ ಹೊತ್ತಿಗೆ ಜರಡಿಯಾಗಿತ್ತು.

ಓಣಿಯವರೆಲ್ಲ ಬಂದು ನೋಡಿ ಹೋದರು. ನಾಚಿಕೆಯಾಗಬೇಕಾದ ಕಡೆ ನನಗೆ ಸಿಟ್ಟು ಬಂತು. ಮರುದಿನ ಬನ್ನಿ ಹಬ್ಬ. ಜನ ಜಗಳ ಮರೆತು ಒಬ್ಬರಿಗೊಬ್ಬರು ಬನ್ನಿ ಎಲೆ ಕೊಡುತ್ತಿದ್ದಾಗ ನಾನು ಒಡೆದ ಬ್ಯಾಟರಿಯನ್ನು ಪಟ್ಟಿ ಸಮೇತ ಬಕೆಟ್ಟಿನಲ್ಲಿಟ್ಟುಕೊಂಡು ಬಂಕಾಪುರಕ್ಕೆ ಹೋದೆ. ಅಂಗಡಿಯ ಮುಂದೆ ಹತ್ತು ಜನ ಗಿರಾಕಿಗಳು.

"ಏನಲೇ ಮಿಸ್ತ್ರಿ, ಡುಪ್ಲಿಕೇಟ್ ಮಾಲು ಮಾರಿ ಜೀವಾ ತಗೀತೀ ಏನ? ಸುಮ್ನ ಇಟ್ಟಿದ್ದ ಬ್ಯಾಟರಿ ತಾನ ಹಾರೇತಿ!"

ಅವನು ರಬ್ಬರಿನ ಕೈಗವಸು ಹಾಕಿಕೊಂಡು ಬ್ಯಾಟರಿ ಎತ್ತಿ ನೋಡಿದ. ಪಟ್ಟಿಯ ಸಂದಿಯಲ್ಲಿ ಊದಿನಕಡ್ಡಿಯ ತುಂಡು ಹಾಗೇ ಸಿಕ್ಕಿಕೊಂಡಿತ್ತು. ನನ್ನ ಮುಖ ನೋಡಿದ. ಗಿರಾಕಿಗಳಿಗೆ ಬೆನ್ನು ತಿರುಗಿಸಿ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ.

"ಕಣ್ಣಿಗೇನೂ ಆಗಿಲ್ಲಲ್ರಿ ಕಾಕಾ? ಬ್ಯಾರೆ ಬ್ಯಾಟರಿ ಒಯ್ರಿ."

ನಾನು ಒಯ್ದೆ! ಇದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಬೇಕೆನಿಸುತ್ತದೆ. ಜನ ಅದನ್ನೇ ಸಾಕ್ಷಿ ಮಾಡಿಕೊಂಡರು: "ತಪ್ಪಿಲ್ಲಂದ್ರ ಸುಮ್ನ ಕೊಡ್ತಿದ್ನೇನ?" ನಮ್ಮ ಕಡೆಯ ಟ್ರ್ಯಾಕ್ಟರಿನವರು ಒಬ್ಬೊಬ್ಬರಾಗಿ ಆ ಅಂಗಡಿ ಬಿಟ್ಟರು. ಮುಂದಿನ ದಸರೆಯೊಳಗೆ ಬಾಗಿಲು ಮುಚ್ಚಿತು. ಈಗ ಅವನು ಸವಣೂರಿನಲ್ಲಿ ಬೇರೆಯವರ ಗ್ಯಾರೇಜಿನಲ್ಲಿ ದುಡಿಯುತ್ತಾನೆ. ಇತ್ತ ನಾನು ಊರಿನ ಬ್ಯಾಟರಿ ಪಂಡಿತನಾಗಿದ್ದೇನೆ. ಯಾರಾದರೂ ಬೀಡಿ ಹಚ್ಚಿಕೊಂಡು ಬಾನೆಟ್ ಎತ್ತಿದರೆ ಬೈದು ಓಡಿಸುತ್ತೇನೆ. ಮೊದ್ಲ ಮೈನಸ್, ಬೋರಿನ ನೀರು ಬ್ಯಾಡ. ಅವನ ಮಾತುಗಳನ್ನೇ ನನ್ನವೆಂಬಂತೆ ಒದರುತ್ತೇನೆ.

ಪ್ರತಿ ವರ್ಷ ಬನ್ನಿ ಹಿಡಿದು ಸವಣೂರಿಗೆ ಹೋಗುತ್ತೇನೆ. "ಬಂಗಾರದಂಗ ಇರೋಣು" ಎನ್ನುತ್ತೇನೆ. ಅವನೂ ಅದನ್ನೇ ಹೇಳಿ, "ಕಣ್ಣು ಹೆಂಗ ಅದಾವ್ರಿ ಕಾಕಾ?" ಎಂದು ಕೇಳುತ್ತಾನೆ. ಚಾ ಕುಡಿದು ಬಸ್ಸು ಹತ್ತುತ್ತೇನೆ. "ತಪ್ಪಾತು" ಎಂಬ ಮೂರಕ್ಷರ ಬಾಯಿಂದ ಬಂದಿಲ್ಲ.

ಕಳೆದ ವಾರ ಹಾನಗಲ್ಲಿನ ಚಾದ ಅಂಗಡಿಯಲ್ಲಿ ಪರಿಚಯದವನೊಬ್ಬ, "ಆ ಡುಪ್ಲಿಕೇಟ್ ಮಿಸ್ತ್ರಿ ಸವಣೂರಾಗ ಅದಾನಂತ. ನಿಮ್ಮನ್ನ ಕೊಲ್ಲಾವ ಇದ್ದ, ಹೌದಲ್ರಿ ಕಾಕಾ?" ಎಂದು ನಕ್ಕ. ಮೈ ಉರಿದುಹೋಯಿತು. ಎದ್ದು ಟೇಬಲ್ ಗುದ್ದಿದೆ. ಅಂಗಡಿಯೆಲ್ಲ ನನ್ನ ಕಡೆ ತಿರುಗಿತು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ.

"ಏನಪಾ, ಇದಕ್ಕ ಚಾ ಅಂತಾರೇನ? ಕಲಗಚ್ಚು!" ಎಂದು ಅಂಗಡಿಯವನ ಮೇಲೆ ಹರಿಹಾಯ್ದು ಹೊರಗೆ ಬಂದೆ. ಚಾ ಚೆನ್ನಾಗಿಯೇ ಇತ್ತು.

ಈಗ ಕೋಣೆಯಲ್ಲಿ ನಾನೊಬ್ಬನೇ ಇದ್ದೇನೆ, ಬೈಯಲು ಯಾರೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ: ಬ್ಯಾಟರಿ ಅಸಲಿ ಇತ್ತು, ಬೆಂಕಿ ತೋರಿಸಿದವನು ನಾನು. ಆ ಮಿಸ್ತ್ರಿಯ ಹೆಸರು ರಾಜೇಸಾಬ.