ಲಗ್ನಪತ್ರದಲ್ಲಿ ದೊಡ್ಡಪ್ಪ ಕೆಳಗಿಳಿದದ್ದು

ನನಗೊಂದು ಕೆಟ್ಟ ಚಟವಿದೆ. ಯಾರೂ ಕೊಡುತ್ತೇನೆಂದು ಹೇಳದ ವಸ್ತು ನಾಲ್ಕು ಸಲ ಸಿಕ್ಕಿತೆಂದರೆ, ಐದನೆಯ ಸಲಕ್ಕೆ ಅದು ನನ್ನ ಹಕ್ಕು ಎಂದು ತಿಳಿದುಬಿಡುತ್ತೇನೆ. ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ ಬಾಜು ಇರುವ ಒಂದು ಅಂಗಡಿಯಲ್ಲಿ ಗಿರ್ಮಿಟ್ ತೆಗೆದುಕೊಂಡರೆ ತಟ್ಟೆಯ ಅಂಚಿಗೆ ಒಂದು ಮಿರ್ಚಿ ಬಜಿ ತಾನಾಗಿ ಬಂದು ಕೂಡುತ್ತಿತ್ತು. ಅಂಗಡಿಯ ಮಾಲಕ ಬದಲಾದ ದಿನ ಮಿರ್ಚಿ ಬರಲಿಲ್ಲ. ಕೇಳಿದೆ. "ಬೋರ್ಡಿನ ಮ್ಯಾಲೆ ಬರದೈತೇನ್ರಿ?" ಎಂದ. ಬರೆದಿರಲಿಲ್ಲ. ಮನೆಗೆ ಬಂದು ಹೆಂಡತಿ ಗಿರಿಜಾಳ ಮುಂದೆ ಅರ್ಧ ಗಂಟೆ ಅವನ ಸಂಸ್ಕಾರದ ಬಗ್ಗೆ ಮಾತಾಡಿದೆನೇ ಹೊರತು ಪಾಠ ಕಲಿಯಲಿಲ್ಲ.

ನನ್ನ ಕಸುಬು ಲಗ್ನಪತ್ರ ಅಚ್ಚು ಹಾಕುವುದು. ನಮ್ಮ ಕಡೆ ಲಗ್ನಪತ್ರದಲ್ಲಿ ಮುಹೂರ್ತ ತಪ್ಪಿದರೂ ನಡೆದೀತು, 'ಸುಖಾಗಮನ ಬಯಸುವವರು' ಎಂಬ ಸಾಲಿನ ಕೆಳಗೆ ಹೆಸರುಗಳು ಹಿಂದುಮುಂದಾಗಕೂಡದು. ಈ ತಲೆನೋವಿಗೆಂದೇ ಒಂದು ಪ್ರೋಗ್ರಾಮ್ ಬರೆದುಕೊಂಡಿದ್ದೆ. ಬಿ.ಎಸ್ಸಿ. ಓದಿದ್ದು ಅಷ್ಟಕ್ಕಾದರೂ ಬಂತು. ದೊಡ್ಡಪ್ಪ-ಕಾಕಾಗಳದು ಒಂದು ಗುಂಪು, ಸೋದರಮಾವಂದಿರದು ಒಂದು, ಅಳಿಯಂದಿರದು ಒಂದು. ಹೆಸರು ತುಂಬಿದರೆ ಸಾಕು, ಗುಂಪುಗುಂಪಾಗಿ ಜೋಡಿಸಿಕೊಡುತ್ತಿತ್ತು. ನಿಜ ಹೇಳಬೇಕೆಂದರೆ ಜೋಡಿಸುವ ಕೆಲಸ ನನ್ನದಲ್ಲ, ಬೇರೆ ಯಾರೋ ಬರೆದಿಟ್ಟು ಕಂಪ್ಯೂಟರಿನೊಳಗೆ ಸಿದ್ಧವಾಗಿ ಬರುವ, ಲೈಬ್ರರಿ ಎಂಬ ಪ್ರೋಗ್ರಾಮಿನದು. ಒಂದೇ ಗುಂಪಿನವರನ್ನು ಅದು ನಾನು ತುಂಬಿದ ಕ್ರಮದಲ್ಲೇ ಇಡುತ್ತಿತ್ತು. ಹಿರಿಯರನ್ನು ಮೊದಲು ತುಂಬಿದರೆ ಹಿರಿಯರೇ ಮೇಲೆ. ಹಾಗೆ ಇಡುತ್ತೇನೆಂದು ಅದರ ಕೈಪಿಡಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಎಂಟು ವರ್ಷ ಇಟ್ಟಿತು, ನಾನು ನಂಬಿದೆ.

ಹೋದ ತಿಂಗಳು ಕಂಪ್ಯೂಟರ್ ಅಪ್‌ಡೇಟ್ ಮಾಡಲೇ ಎಂದು ಕೇಳಿತು. ಹೂಂ ಅಂದೆ. ಮಾರನೆಯ ದಿನವೇ ಗಿರಿಜಾಳ ತಮ್ಮನ ಲಗ್ನಪತ್ರ ಅಚ್ಚಾಯಿತು. ಹೊಸ ಲೈಬ್ರರಿ ಒಂದೇ ಗುಂಪಿನವರನ್ನು ಮನಸ್ಸಿಗೆ ಬಂದಂತೆ ಕೂಡಿಸಿತು. ಮೊರಬದಲ್ಲಿರುವ ಆಕೆಯ ಈರಪ್ಪಕಾಕಾ ಮೇಲೇರಿದರು, ಅವರಣ್ಣ ಶಿವಪ್ಪ ದೊಡ್ಡಪ್ಪ ಕೆಳಗಿಳಿದರು. ನಮ್ಮ ಮಾವನವರು ತೀರಿಕೊಂಡ ಮೇಲೆ ಆ ಮನೆಗೆ ಶಿವಪ್ಪನವರೇ ಹಿರಿಯರು, ಅವರು ಮುಂದೆ ನಿಲ್ಲದೆ ಲಗ್ನವಿಲ್ಲ. ಅವರು ಪತ್ರ ನೋಡಿ, ಮಡಚಿ ಕಿಟಕಿಯಲ್ಲಿಟ್ಟು, "ಮ್ಯಾಲಿದ್ದಾವ್ರ ನಿಂತು ಲಗ್ನಾ ಮಾಡ್ಲಿ, ನಾ ಬರೂದಿಲ್ಲ" ಎಂದರಂತೆ. ಗಿರಿಜಾ ಕಣ್ಣೀರು ಹಾಕಿದಳು. "ಹೆಸರು ಮ್ಯಾಲಿದ್ರೇನು, ಕೆಳಗಿದ್ರೇನು? ಇಷ್ಟಕ್ಕ ಸಿಟ್ಟಾಗ್ತಾರೇನು?" ಎಂದು ನಾನು ನಕ್ಕೆ. ಆಕೆ ನೋಡಿದ ನೋಟಕ್ಕೆ ಹೆದರಿ ಗಾಡಿ ಹತ್ತಿ ಮೊರಬಕ್ಕೆ ಹೋದೆ.

ದೊಡ್ಡಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ತಪ್ಪು ನನ್ನದಲ್ಲ, ಕಂಪ್ಯೂಟರಿನದು ಎಂದೆ.

"ನಾ ಹಿರ್ಯಾ ಅಂತ ಅದಕ್ಕ ಹೇಳಿದ್ರೇನ್ರಿ, ಅಳಿಯಂದ್ರ?"

"ಇಲ್ರಿ ಮಾವಾರ. ಇಷ್ಟ ದಿನಾ ತಾನ ಬರೋಬ್ಬರಿ ಹಚ್ಚತಿತ್ರಿ."

"ಹೇಳಲಾರದ ಅದಕ್ಕ ಹೆಂಗ ಗೊತ್ತಾಗಬೇಕ್ರಿ? ಅದೇನು ನಮ್ಮನಿ ಸೊಸಿಯೇನು?"

ಅಗದಿ ಖರೆ ಅನ್ನಿಸಿತು. ಹೊಸದಾಗಿ ಅಚ್ಚು ಹಾಕಿಸಿ ತರುತ್ತೇನೆಂದು ಮಾತು ಕೊಟ್ಟು, ಇನ್ನು ಮೇಲೆ ಹುಟ್ಟಿದ ದಿನಾಂಕ ನೋಡಿಯೇ ಹಿರಿತನ ನಿರ್ಧರಿಸುವುದೆಂದು ಅಣ್ಣತಮ್ಮಂದಿರಿಬ್ಬರ ಆಧಾರ್ ಕಾರ್ಡಿನ ಫೋಟೋ ತೆಗೆದುಕೊಂಡು ಬಂದೆ. ಎರಡರಲ್ಲೂ ಜೂನ್ ಒಂದು. ವರ್ಷವೂ ಒಂದೇ! ಇಬ್ಬರನ್ನೂ ಒಂದೇ ದಿನ ಶಾಲೆಗೆ ಹಾಕಿದ್ದರಂತೆ. ಹೆಸರು ಬರೆದುಕೊಂಡ ಮಾಸ್ತರರು ಆ ವರ್ಷ ಸೇರಿದವರನ್ನೆಲ್ಲ ಜೂನ್ ಒಂದಕ್ಕೇ ಹುಟ್ಟಿಸಿಬಿಟ್ಟಿದ್ದರು. ಮೂರು ವರ್ಷ ಅಂತರದ ಅಣ್ಣತಮ್ಮಂದಿರು ಕಾಗದದ ಮೇಲೆ ಅವಳಿಜವಳಿ. ಕಂಪ್ಯೂಟರ್ ಇಬ್ಬರೂ ಸಮ ಎಂದು ತಿಳಿದು ಮತ್ತೆ ಈರಪ್ಪಕಾಕಾರನ್ನೇ ಮೇಲಿಟ್ಟಿತು. ಅಳುಕುತ್ತಲೇ ದೊಡ್ಡಪ್ಪನವರಿಗೆ ಫೋನ್ ಮಾಡಿದೆ.

"ಹೆಸರಿನ ಮುಂದ ಒಂದು, ಎರಡು ಅಂತ ಬರದಬಿಡ್ರಿ," ಎಂದರು. "ಇಷ್ಟಕ್ಕ ಬಿ.ಎಸ್ಸಿ. ಬೇಕೇನ್ರಿ?"

ಹಾಗೆಯೇ ಮಾಡಿದೆ. ಗಿರಿಜಾಳನ್ನು ಕೇಳಿ ಕೇಳಿ ಒಬ್ಬೊಬ್ಬರಿಗೂ ಸಂಖ್ಯೆ ಹಾಕಿದೆ. ಸಂಖ್ಯೆ ಇಲ್ಲದವರನ್ನು ಗುಂಪಿನ ಕೊನೆಗೆ ಹಾಕಬೇಕು ಎಂದು ಪ್ರೋಗ್ರಾಮಿಗೆ ಹೇಳಿ, ಈ ಸಲ ಆ ನಿಯಮವನ್ನು ಕಾಗದದ ಮೇಲೂ ಬರೆದು ಗೋಡೆಗೆ ಅಂಟಿಸಿದೆ. ಹೊಸ ಪತ್ರಗಳು ಮೊರಬ ಸೇರಿದವು. ದೊಡ್ಡಪ್ಪನವರು ಮೊದಲ ಪತ್ರವನ್ನು ತಾವೇ ದೇವರ ಮುಂದಿಟ್ಟು, ಉಳಿದವನ್ನು ಹಂಚಲು ಹೊರಟರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಸಂಜೆ ಗಿರಿಜಾ ಪತ್ರ ಓದುತ್ತಾ ಓದುತ್ತಾ ತುಟಿ ಬಿಗಿಹಿಡಿದಳು. ಇಸಿದುಕೊಂಡು ನೋಡಿದೆ. ಅಳಿಯಂದಿರ ಗುಂಪಿನಲ್ಲಿ ಮೇಲೆ ಬಮ್ಮಿಗಟ್ಟಿಯ ನನ್ನ ಷಡ್ಡಕ. ಗಿರಿಜಾಳ ತಂಗಿಯ ಗಂಡ, ಮೊನ್ನೆ ಮೊನ್ನೆ ಲಗ್ನವಾದವನು! ಸ್ವಂತ ಮನೆಯ ಅಳಿಯನೆಂದು ಅವನು ಮೇಲೆ, ಅವನ ಕೆಳಗೆ ದೊಡ್ಡಪ್ಪ-ಕಾಕಾಗಳ ಅಳಿಯಂದಿರು. ಎಲ್ಲರ ಕೆಳಗೆ, ಮುದ್ರಕರ ವಿಳಾಸಕ್ಕೆ ತಗುಲಿಕೊಂಡಂತೆ, ನಾನು. ಊರವರಿಗೆಲ್ಲ ಸಂಖ್ಯೆ ಹಾಕಿದವನು ನನಗೆ ಹಾಕಿಕೊಂಡಿರಲಿಲ್ಲ. ನಾನು ಆ ಮನೆಯ ಹಿರಿಯ ಅಳಿಯ ಎಂಬುದು ಹೇಳುವ ಮಾತೇ?

ನಾನೇನೂ ಸಿಟ್ಟಾಗಿಲ್ಲ. ಹೆಸರು ಮೇಲಿದ್ದರೇನು, ಕೆಳಗಿದ್ದರೇನು. ಲಗ್ನ ಬರುವ ಸೋಮವಾರ, ಹೋಗಲು ಹೊಸ ಧೋತರ ಕೂಡ ತಂದಿದ್ದೇನೆ. ಮೊರಬದಿಂದ ಯಾರಾದರೂ ಇನ್ನೊಂದು ಸಲ ಬಂದು ಬಾಯಿತುಂಬ ಕರೆಯಲಿ ಎಂದಷ್ಟೇ ಕಾಯುತ್ತಿದ್ದೇನೆ. "ಬಂದು ಕರೀರಿ ಅಂತ ಅವ್ರಿಗೆ ಹೇಳೀರೇನ್ರಿ?" ಎಂದು ಗಿರಿಜಾ ಕೇಳುತ್ತಾಳೆ.

ಅದನ್ನೂ ಹೇಳಬೇಕೇ?