ಹನ್ನೊಂದೂ ಇಪ್ಪತ್ತರ ಜೆಟ್

ಅಷ್ಟೂ ಫಜೀತಿಗೆ ಕಾರಣ ಟೀ ಅಂಗಡಿಯ ಮುಂದೆ ಸೋಮಶೇಖರ ಆಡಿದ ಒಂದು ಮಾತು. ಹಂಗಳದ ದನದ ಆಸ್ಪತ್ರೆಗೆ ಕಾಂಪೌಂಡರಾಗಿ ಬಂದು ನಾಲ್ಕು ವರ್ಷವಾಗಿದ್ದರೂ, ಹಸುವಿನ ಹೊಟ್ಟೆಯುಬ್ಬರ ಬಿಟ್ಟು ಬೇರೆ ಯಾವ ವಿಷಯವನ್ನೂ ಊರಿನವರು ಅವನೊಡನೆ ಮಾತಾಡಿದ್ದಿಲ್ಲ. ಆ ಮಂಗಳವಾರ ಬೆಳಿಗ್ಗೆ ಎಲ್ಲರ ಬಾಯಲ್ಲೂ ಆನೆ. ರಾತ್ರಿ ಶಿವಮಲ್ಲಪ್ಪನ ಕಬ್ಬಿಗೆ ನುಗ್ಗಿದ್ದ ಒಂಟಿ ಸಲಗ, ಹಬ್ಬಕ್ಕೆ ಬಂದ ಅಳಿಯನ ಹಾಗೆ ಹೊತ್ತೇರಿದರೂ ಎದ್ದು ಹೋಗಿರಲಿಲ್ಲ. ಫಾರೆಸ್ಟ್ ಗಾರ್ಡು ಇದ್ದ ಪಟಾಕಿಯನ್ನೆಲ್ಲ ಸುಟ್ಟು, ಇನ್ನಷ್ಟು ತರಲು ಗುಂಡ್ಲುಪೇಟೆಗೆ ಬೈಕ್ ಹತ್ತಿದ್ದ.

"ಪಟಾಕಿಗೆಲ್ಲ ಅದು ಜಗ್ಗಲ್ಲ. ಜಗ್ಗಿದ್ರೆ ಜೆಟ್ ಸದ್ದಿಗೆ. ಮಂಗಳವಾರ ಹನ್ನೊಂದೂ ಇಪ್ಪತ್ತಕ್ಕೆ ಬರ್ತದೆ," ಎಂದುಬಿಟ್ಟ ಸೋಮಶೇಖರ.

ಶಿವಮಲ್ಲಪ್ಪ ಲೋಟ ಕೆಳಗಿಟ್ಟ. "ನಿಮಗೆಂಗೆ ಗೊತ್ತು ಡಾಕ್ಟ್ರೇ?"

ಗೊತ್ತಿತ್ತು. ಹಸುಗಳಿಗೆ ಹಾಕಿದ ಸೂಜಿಯ ಲೆಕ್ಕ ಬರೆಯುವ ದಪ್ಪ ರಿಜಿಸ್ಟರಿನ ಹಿಂದಿನ ಪುಟಗಳಲ್ಲಿ ಅವನು ನಾಲ್ಕು ವರ್ಷದ ವಿಮಾನಗಳನ್ನು ಬರೆದಿಟ್ಟಿದ್ದ. ಯಾವ ಹೊತ್ತು, ಯಾವ ದಿಕ್ಕು, ಬಾಲದ ಮೇಲೆ ನಿಂತ ರೆಕ್ಕೆ ಒಂದೋ ಎರಡೋ. ಒಂದಾದರೆ ಸೂಲೂರು ವಾಯುನೆಲೆಯ ಯುದ್ಧವಿಮಾನ ತೇಜಸ್, ಎರಡಾದರೆ ತಂಜಾವೂರಿನ ಸುಖೋಯ್. ಇದನ್ನು ಹೇಳಿಕೊಳ್ಳಲು ಮಾತ್ರ ಜನ ಸಿಕ್ಕಿರಲಿಲ್ಲ.

"ನಿಮ್ಮ ತಾರಸಿ ನನ್ ಕಬ್ಬಿಗೆ ಅಂಟ್ಕಂಡೇ ಅದೆ. ಅಲ್ಲೇ ಕೂತ್ಕಂಡು ನೋಡನ ಬುಡಿ," ಎಂದ ಶಿವಮಲ್ಲಪ್ಪ.

ಸೋಮಶೇಖರ ಅರ್ಧ ಕುಡಿದ ಟೀ ಬಿಟ್ಟೆದ್ದ. ಅವನ ಮನೆಗೆ ಜನ ಬರುತ್ತಾರೆ. ಆದರೆ ಮನೆಯಲ್ಲಿದ್ದದ್ದು ಒಂದೇ ಲೋಟ. ಊರೊಳಗಿದ್ದ ಮನೆಯೊಡತಿ ಸುಂದ್ರಮ್ಮನ ಬಾಗಿಲಿಗೆ ಓಡಿ ಒಂದು ಡಜನ್ ಕೇಳಿದ.

"ನಾಕು ವರ್ಸದಿಂದ ಒಂದ್ ಲೋಟ ಕೇಳ್ದವ್ರಲ್ಲ. ಯಾಕೆ ಸಾ, ಹೆಣ್ಣಿನ ಕಡೆಯವ್ರು ಬತ್ತಾವ್ರಾ?" ಎಂದಳು ಸುಂದ್ರಮ್ಮ. ಕಾರಣ ತಿಳಿದ ಮೇಲೆ ಲೋಟದ ಜೊತೆ ತಾನೂ ಬಂದಳು.

ಹನ್ನೊಂದಕ್ಕೆ ತಾರಸಿಯ ತುಂಬ ಜನ. ಸೋಮಶೇಖರ ಟೀ ಕೊಟ್ಟ, ಬಾಳೆಗೊನೆ ತಂದು ಮೆಟ್ಟಿಲ ಬುಡದಲ್ಲಿಟ್ಟು ಹತ್ತಿ ಬಂದವರಿಗೆಲ್ಲ ಹಂಚಿದ, ತೇಜಸ್ಸಿನ ತ್ರಿಕೋನ ರೆಕ್ಕೆಯನ್ನು ಗಾಳಿಯಲ್ಲಿ ಬರೆದು ತೋರಿಸಿದ. ಜನ ಬಾಯಿ ತೆರೆದು ಕೇಳಿದರು. ತಾರಸಿಗೆ ತಂದಿದ್ದ ರಿಜಿಸ್ಟರಿಗೆ ಮೊದಲೇ ಖುಷಿಯಲ್ಲಿ ಹೊಸದೊಂದು ಕಾಲಂ ಎಳೆದಿದ್ದ: 'ನೋಡಿದವರು'.

ಹನ್ನೊಂದೂ ಇಪ್ಪತ್ತಾಯಿತು. ಆಕಾಶದಲ್ಲಿ ಒಂದು ಹದ್ದು.

"ಇದು ಒಂದ್ ಬಾಲದ್ದಾ ಎರಡ್ ಬಾಲದ್ದಾ ಡಾಕ್ಟ್ರೇ?" ಎಂದಿತು ಹಿಂದಿನಿಂದ ಯಾವುದೋ ದನಿ.

ಹನ್ನೆರಡಾಯಿತು. ಟೀ ಮುಗಿಯಿತು. ಕಬ್ಬಿನೊಳಗೆ ಲಟಲಟ ಎಂದಾಗಲೆಲ್ಲ ಶಿವಮಲ್ಲಪ್ಪ ತನ್ನ ಮೂಳೆಯೇ ಮುರಿದಂತೆ ಮುಖ ಹಿಂಡುತ್ತಿದ್ದ. "ಇನ್ನೊಂದು ಹತ್ ನಿಮಿಷ," ಎನ್ನುತ್ತಲೇ ಇದ್ದ ಸೋಮಶೇಖರ. ಹನ್ನೆರಡೂವರೆಗೆ ಕೊನೆಯವಳಾಗಿ ಎದ್ದ ಸುಂದ್ರಮ್ಮ ಮೆಟ್ಟಿಲಲ್ಲಿ ನಿಂತು, "ಲೋಟ ತೊಳ್ದು ಕಳ್ಸಿ ಸಾ," ಎಂದಳು.

ಅವನು ಹನ್ನೆರಡು ಲೋಟ ತೊಳೆದ. ಹದಿಮೂರನೆಯದು ತನ್ನದು, ಅದರಲ್ಲಿ ಕುಡಿಯಲು ಮರೆತಿದ್ದ. ಚಾಪೆ ಸುತ್ತಲು ಮತ್ತೆ ತಾರಸಿಗೆ ಹೋದ.

ಆಗ ಬಂದವು. ಗೋಪಾಲಸ್ವಾಮಿ ಬೆಟ್ಟದ ಆಚೆಯಿಂದ ಎರಡು, ಒಂದರ ಹೆಗಲಿಗೆ ಇನ್ನೊಂದು. ಮೋಡದ ಸಂದಿಯಲ್ಲಿ ಮಿಂಚಿ ಮರೆಯಾದ ಮೇಲೆ ಸದ್ದು ಬಂತು, ಆಕಾಶವೇ ಸೀಳಿದಂತೆ ಒಂದೇ ಏಟು. ಕಬ್ಬು ಎರಡಾಗಿ ಆನೆ ಹೊರಗೆ ಬಂತು. ಆದರೆ ಕಾಡಿನ ಕಡೆಗಲ್ಲ. ನೆಟ್ಟಗೆ ಅವನ ಅಂಗಳಕ್ಕೆ ನಡೆದು, ಮೆಟ್ಟಿಲ ಬುಡದಲ್ಲಿ ಉಳಿದಿದ್ದ ಅರ್ಧ ಗೊನೆಗೆ ಸೊಂಡಿಲಿಟ್ಟಿತು.

ಸೋಮಶೇಖರ ನಾಲ್ಕೈದು ಸಲ ಫೋನ್ ಹಚ್ಚಿದ ಮೇಲೆ ಶಿವಮಲ್ಲಪ್ಪ ಎತ್ತಿದ. "ಶಿವಮಲ್ಲಪ್ಪನವ್ರೇ, ಜೆಟ್ ಬಂತು. ಆನೆ ನಮ್ಮನೆ ಮೆಟ್ಲತ್ರ ನಿಂತದೆ. ಎಲ್ರೂ ಬೇಗ ಬನ್ನಿ."

ಆ ಕಡೆ ಊಟದ ಗದ್ದಲ. "ಅಯ್ಯೋ, ಯಾವ ಜೆಟ್ಟು ಸಾ? ಗಾರ್ಡು ದೊಡ್ ಪಟಾಕಿ ತಂದು ಆ ತುದೀಲಿ ಅಚ್ಚಿದ್ರು. ಒಂದೇ ಏಟು, ಮನೆ ಪಾತ್ರೆಯೆಲ್ಲ ಅದುರ್ಬುಟ್ವು. ಆನೆ ಕಾಡ್ ಸೇರ್ತು. ಅವ್ರಿಗೇ ಊಟ ಹಾಕ್ತಾ ಇವ್ನಿ."

"ಅಲ್ಲ, ಇಲ್ಲೇ ನಿಂತದೆ. ಬಾಳೆಹಣ್ಣು ತಿಂತಾ ಅದೆ."

ಶಿವಮಲ್ಲಪ್ಪನ ದನಿ ತಗ್ಗಿ ಬಂತು, ಹುಷಾರಿಲ್ಲದ ಮಗುವಿಗೆ ಹೇಳುವಂತೆ. "ಸಾ, ಜನ ಬೇಕು ಅನ್ಸಿದ್ರೆ ಸುಮ್ನೆ ಬನ್ನಿ ಅನ್ನಿ, ಬತ್ತೀವಿ. ಅದ್ಕೆ ಆನೆ ಯಾಕೆ?"

ಫೋನ್ ಕಟ್ಟಾಯಿತು.

ಸಂಜೆಯವರೆಗೂ ಸಲಗ ಮೆಟ್ಟಿಲ ನೆರಳು ಬಿಡಲಿಲ್ಲ. ಕೆಳಗಿಳಿಯುವ ಹಾಗಿಲ್ಲ, ಕೂಗಿದರೆ ಕೇಳುವವರಿಲ್ಲ, ಫೋನ್ ಮಾಡಿದರೆ ನಂಬುವವರಿಲ್ಲ. ಅವನು ಚಾಪೆ ಮತ್ತೆ ಹಾಸಿದ, ರಿಜಿಸ್ಟರು ತೆರೆದ. ಮಂಗಳವಾರ, ಒಂದು ಗಂಟೆ ಐದು ನಿಮಿಷ. ತೇಜಸ್, ಎರಡು. ದಕ್ಷಿಣದಿಂದ ಉತ್ತರಕ್ಕೆ.

ಹೊಸ ಕಾಲಂ ಖಾಲಿ ಇತ್ತು. ಬಗ್ಗಿ ಕೆಳಗೆ ನೋಡಿದ. ಆನೆ ಕಿವಿ ಬೀಸುತ್ತ ಮೇಲಕ್ಕೆ ನೋಡುತ್ತಿತ್ತು.

'ನೋಡಿದವರು: ಇಬ್ಬರು' ಎಂದು ಬರೆದ.